ಗೋಡೆಗೇನು ಚಳಿಯೇ

ಗೆಳತಿ ದ್ರಾಕ್ಷಾಯಣಿ ಹೋದ ಮೇಲೆ ನಾನು ಅರಸೀಕೆರೆಯ ಮಂಡಿ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದೇನೆ. ಮಾರ್ಕೆಟ್ಟಿಗೆ ಹೋಗಬೇಕಾದರೆ ಸುತ್ತು ಹಾಕಿಕೊಂಡು ಸ್ಟೇಷನ್ ಕಡೆಯಿಂದ ಹೋಗುತ್ತೇನೆ. ಆ ಬೀದಿಯಲ್ಲಿ ಅವಳ ತಮ್ಮ ರಾಜಶೇಖರನ ಕೊಬ್ಬರಿ ಮಂಡಿ ಇದೆ. ಅದರ ಮೇಲಿನ ಕೋಣೆಯಲ್ಲಿ ಅವಳು ಅರ್ಧ ಆಯಸ್ಸು ಒಬ್ಬಳೇ ಕಳೆದಳು. ಕಿಟಕಿಗೆ ಆನಿಸಿದ ಹೊಲಿಗೆ ಮಿಷನ್ನು, ಒಂದು ಹಳೆಯ ಮಂಚ, ಮೂಲೆಯಲ್ಲಿ ಚಿಂದಿ ಬಟ್ಟೆಯ ಗಂಟುಗಳು. ಇಷ್ಟೇ ಅವಳ ಸಂಸಾರ.

ಅವಳು ಕೌದಿ ಹೊಲಿಯುತ್ತಿದ್ದಳು. ಸವೆದ ಸೀರೆ, ಹರಿದ ಪಂಚೆ, ಕಾಲರು ಹೋದ ಅಂಗಿ, ಎಲ್ಲವನ್ನೂ ಪದರ ಪದರವಾಗಿ ಹಾಸಿ, ಮೇಲೆ ತುಂಡು ಜೋಡಿಸಿ, ಸಣ್ಣ ಸಣ್ಣ ಹೊಲಿಗೆ ಹಾಕುತ್ತಿದ್ದಳು. ಬ್ಲೌಸು ಹೊಲಿಯುವುದು, ಸೀರೆಗೆ ಫಾಲ್ ಹಾಕುವುದು ಹೊಟ್ಟೆಗೆ. ಕೌದಿ ಯಾತಕ್ಕೆ ಎಂದು ಕೇಳಿದರೆ ನಗುತ್ತಿದ್ದಳು. ಅವಳಿಗೆ ಇದ್ದದ್ದು ಒಂದೇ ಆಸೆ: ತನ್ನ ಕೌದಿಯನ್ನು ಯಾರಾದರೂ ಹೊದ್ದು ಮಲಗಬೇಕು. ಕೇಳಿದವರಿಗೆ ಇದೇನು ಮಹಾ ಆಸೆ ಅನ್ನಿಸುತ್ತದೆ. ಆದರೆ ಅದು ಅವಳು ಇರುವಷ್ಟು ದಿನ ನಡೆಯಲಿಲ್ಲ.

ಮೊದಲನೆಯ ಕೌದಿಯ ಕಥೆ ಇದು. ತಿಪಟೂರಿಗೆ ಮದುವೆಯಾಗಿ ಹೋದವಳು ಎರಡನೇ ವರ್ಷಕ್ಕೆ ಟ್ರಂಕಿನ ಸಮೇತ ವಾಪಸ್ ಬಂದಳು. ಯಾಕೆ ಬಂದೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಒಂದು ಮಧ್ಯಾಹ್ನ ಟ್ರಂಕು ತೆಗೆದು, ಒಳಗಿದ್ದ ರೇಷ್ಮೆ ಸೀರೆಗಳನ್ನೆಲ್ಲ ಚೌಕ ಚೌಕವಾಗಿ ಕತ್ತರಿಸಿದಳು.

"ಧಾರೆ ಸೀರೆಗೆ ಕತ್ತರಿ ಹಾಕಿದ್ಯಲ್ಲೇ ಮಾರಾಯ್ತಿ! ನಿನ್ನ ಕೈ ಸೇದೋಗ!" ಎಂದು ಅವರಮ್ಮ ಶಾಂತಾದೇವಿ ಬಾಯಿ ಬಡಿದುಕೊಂಡರು.

"ಇನ್ನೊಂದು ಸಲ ಉಡಲ್ಲವಲ್ಲಮ್ಮ. ಹೊದ್ಕೊಳಾದ್ರೂ ಆಗುತ್ತೆ" ಎಂದಳಂತೆ ಇವಳು.

ಆ ಕೌದಿಯನ್ನು ಅಮ್ಮನಿಗೇ ಕೊಟ್ಟಳು. ಅವರು ಅದನ್ನು ಹಳೆಯ ದಿಂಬಿನ ಕವರಿನೊಳಗೆ ತುರುಕಿ ಅಟ್ಟಕ್ಕೆ ಎಸೆದರು. ಅವರು ಹೋಗುವವರೆಗೂ ಅದು ಕೆಳಗೆ ಇಳಿಯಲಿಲ್ಲ.

ನಮ್ಮೂರಲ್ಲಿ ಹಳೇ ಬಟ್ಟೆ ಎಂದರೆ ಪಾತ್ರೆಯವಳ ಸೊತ್ತು. ಅವಳು ಸ್ಟೀಲ್ ಡಬರಿ ತಲೆ ಮೇಲೆ ಹೊತ್ತು ಬರುತ್ತಾಳೆ, ನಾಲ್ಕು ಸೀರೆಗೆ ಒಂದು ಡಬ್ಬಿ ಕೊಡುತ್ತಾಳೆ. ದ್ರಾಕ್ಷಾಯಣಿ ಅವಳಿಗೆ ಪೈಪೋಟಿ. "ನಿಮ್ಮ ಬ್ಲೌಸಿಗೆ ಹುಕ್ಸು ಹಾಕಿ ಕೊಡ್ತೀನಿ, ಆ ನೀಲಿ ಸೀರೆ ನನಗೆ ಇಡಿ" ಎಂದು ಮನೆಮನೆಯಲ್ಲಿ ಹೇಳಿ ಬರುತ್ತಿದ್ದಳು. ಮಂಡಿ ಸಾಹುಕಾರರ ಮನೆ ಮಗಳು ಚಿಂದಿ ಕೇಳುತ್ತಾಳೆ ಎಂದು ರಾಜಶೇಖರನಿಗೆ ನಾಚಿಕೆ. "ಅಕ್ಕಾ, ನಿಂಗೆ ಹೊಸ ಥಾನೇ ತರಿಸಿಕೊಡ್ತೀನಿ ಕಣೇ, ಬಿಟ್ಬಿಡು ಇದನ್ನ" ಎಂದು ಅಂಗಲಾಚುತ್ತಿದ್ದ.

"ಹೊಸ ಬಟ್ಟೆ ಇನ್ನೂ ಕಾಯಿ ಕಣೋ" ಅನ್ನುತ್ತಿದ್ದಳು.

ಇದು ಅವಳ ತಮಾಷೆಯೂ ಹೌದು, ನಂಬಿಕೆಯೂ ಹೌದು. ಬಸ್ಸಿನಲ್ಲಿ, ಮದುವೆ ಪಂಕ್ತಿಯಲ್ಲಿ, ಎಲ್ಲಿ ಕೂತರೂ ಎದುರಿನವರ ಬಟ್ಟೆ ನೋಡಿ ನನ್ನ ಕಿವಿಯಲ್ಲಿ ಹೇಳುವಳು: "ಆ ಹೆಂಗಸಿನ ಸೆರಗು ನೋಡೇ. ಇನ್ನೊಂದು ಮಳೆಗಾಲ ಒಗೆದರೆ ಹಣ್ಣಾಗುತ್ತೆ." ನನಗೊಂದು ಕೌದಿ ಹೊಲಿದುಕೊಡು ಎಂದು ಎಷ್ಟು ಸಲ ಕೇಳಿದ್ದೇನೋ. "ನಿನ್ನ ಸೀರೆ ಹದಕ್ಕೆ ಬಂದಿಲ್ಲ ಕಣೇ, ತಡಿ" ಎನ್ನುವಳು. ನನ್ನ ಬೂದು ಬಣ್ಣದ ಹತ್ತಿ ಸೀರೆಯ ಮೇಲೆ ಅವಳ ಕಣ್ಣಿತ್ತು. ಅದನ್ನು ನಾನು ಹರಿಯುವ ತನಕ ಉಟ್ಟು ಕೊಡಬೇಕಿತ್ತು.

ಬೇಸರವಾದಾಗ ನಾವಿಬ್ಬರೂ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ ಹಳೇಬೀಡಿಗೆ ಹೋಗುತ್ತಿದ್ದೆವು. ಜನ ಗೋಡೆಯ ಶಿಲ್ಪಗಳನ್ನು ನೋಡುತ್ತಿದ್ದರೆ ಅವಳು ನಂದಿಯ ಹತ್ತಿರ ಕೂರುವಳು. ಕೈ ತಾಗಿ ತಾಗಿ ಕಲ್ಲು ಕನ್ನಡಿಯಾದ ಕಡೆ ಬೆರಳಾಡಿಸುವಳು. ಒಂದು ಸಲ ಹೇಳಿದಳು: "ಇದನ್ನ ಶಿಲ್ಪಿ ಮಾಡಿದ್ದಲ್ಲ ನೋಡು. ಬಂದು ಹೋದೋರು ಮಾಡಿದ್ದು." ಅವತ್ತಿನಿಂದ ಅವಳ ಕೌದಿಗಳ ಕ್ರಮ ಬದಲಾಯಿತು. ಮೊದಲು ಅಂಗಿಯ ಸವೆದ ಮೊಣಕೈ, ಪ್ಯಾಂಟಿನ ಮಂಡಿ, ಇವನ್ನೆಲ್ಲ ಕತ್ತರಿಸಿ ಬಿಸಾಡುತ್ತಿದ್ದಳು. ಆಮೇಲೆ ಅವನ್ನೇ ನಡುವೆ ಇಡತೊಡಗಿದಳು. ಗಟ್ಟಿ ಬಟ್ಟೆ ಸುತ್ತ, ಸವೆದದ್ದು ಮಧ್ಯೆ. ದೂರದಿಂದ ನೋಡಿದರೆ ಕೌದಿಯ ಎದೆಯ ಮೇಲೆ ಬೆಳಕು ಬಿದ್ದ ಹಾಗೆ ಕಾಣುತ್ತಿತ್ತು.

ಬೇಲೂರಿನಲ್ಲಿ ಪ್ರವಾಸಿಗರಿಗೆ ಸಾಮಾನು ಮಾರುವ ಲಕ್ಷ್ಮೀಶ ಅನ್ನುವವರು ಒಂದು ಕೌದಿ ನೋಡಿ ಬೆರಗಾದರು. "ಏನ್ ಕೆಲಸ ರೀ ಇದು! ನಡುವೆ ಒಂದು ಶಿಲಾಬಾಲಿಕೆ ಕೂರಿಸಿಬಿಡಿ ಮೇಡಂ. ಫ್ರೇಮ್ ಹಾಕಿಸಿ ಗೋಡೆಗೆ ತೂಗಿ ಹಾಕಿದರೆ ಬೆಂಗಳೂರಿನವರು ಮುಗಿಬೀಳ್ತಾರೆ."

"ಗೋಡೆಗೇನು ಚಳಿಯೇ?" ಎಂದಳು ಇವಳು.

ಅವರು ನಕ್ಕರು. ಅವಳು ನಗಲಿಲ್ಲ. ಕೌದಿ ಮಡಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು. ನಾನು ದಾರಿಯುದ್ದಕ್ಕೂ ಬೈದೆ. ಒಬ್ಬರಾದರೂ ಮೆಚ್ಚಿದರಲ್ಲ, ಕೊಡಬಾರದಿತ್ತೇ ಎಂದೆ. ಅವಳು ಕಿಟಕಿಯ ಆಚೆ ನೋಡುತ್ತಾ, "ಮೆಚ್ಚೋರು ಸಿಕ್ತಾರೆ ಕಣೇ, ಹೊದೆಯೋರು ಸಿಗಲ್ಲ" ಎಂದಳು.

ನಿಜವೇ. ನೆಂಟರ ಮನೆಗಳಿಗೆ ಕೊಟ್ಟ ಕೌದಿಗಳು ಇಸ್ತ್ರಿ ಮಾಡುವ ಹಾಸಾದವು, ಸ್ಕೂಟರಿನ ಮುಸುಕಾದವು. ಯಾರದೋ ಮೈಮೇಲಿನ ಬಟ್ಟೆ, ದರಿದ್ರ ಅಂಟುತ್ತದೆ ಎಂದು ಮೈಗೆ ಮಾತ್ರ ತಾಗಿಸಲಿಲ್ಲ. ಒಂದು ಮಳೆಗಾಲದಲ್ಲಿ ರಾಜಶೇಖರನ ಆಳುಗಳು ಕೊಬ್ಬರಿ ರಾಶಿ ನೆನೆಯದಿರಲೆಂದು ಅವಳ ಕೌದಿಯನ್ನೇ ಹೊದಿಸಿದ್ದರು. ಮೇಲಿನಿಂದ ನೋಡಿದಳು. "ಹೋಗಲಿ, ಕೊಬ್ಬರಿಗಾದರೂ ಬೆಚ್ಚಗಾಯ್ತಲ್ಲ" ಎಂದಳು.

ಅವಳ ಕಿಡ್ನಿ ಕೆಟ್ಟ ಮೇಲೆ ಹಾಸನದ ಆಸ್ಪತ್ರೆಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗಿಬರುತ್ತಿದ್ದೆವು. ಸೂಜಿ ಚುಚ್ಚಿದ ಕೈಯಲ್ಲೇ ವಾಪಸ್ ಬಂದು ಹೊಲಿಗೆಗೆ ಕೂರುವಳು. ಅದೇ ಕೊನೆಯ ಕೌದಿ, ಎಲ್ಲಕ್ಕಿಂತ ದೊಡ್ಡದು. ಯಾರಿಗೆ ಎಂದು ಹೇಳಲಿಲ್ಲ. ಒಂದು ದಿನ ನನ್ನ ಬೂದು ಸೀರೆ ಕೇಳಿ ಇಸಕೊಂಡಳು. "ಹಣ್ಣಾಯ್ತಾ?" ಎಂದೆ. "ಕಳಿತಿದೆ" ಎಂದಳು. ಅದನ್ನು ನಡುವೆ ಇಟ್ಟು ಹೊಲಿದಳು. ನನಗೇ ಇರಬೇಕು ಎಂದುಕೊಂಡೆ.

ಅವಳ ಅಜ್ಜಿ ಕಲಿಸಿದ ಒಂದು ಪದ್ಧತಿ ಇತ್ತು. ಕೌದಿ ಪೂರ್ತಿ ಹೊಲಿದ ಮೇಲೂ ಒಂದು ಮೂಲೆ ಬಿಟ್ಟಿರಬೇಕು. ಯಾರದು ಎಂದು ಗೊತ್ತಾದ ದಿನ ಆ ಮೂಲೆಯೊಳಗೆ ಒಂದು ಚೂರು ಕೊಬ್ಬರಿ ಇಟ್ಟು ಹೊಲಿದು ಕೊಡಬೇಕು. ಹಸಿದ ಕೌದಿ ಬೆಚ್ಚಗಿಡುವುದಿಲ್ಲವಂತೆ. ಕೊನೆಯ ವಾರಗಳಲ್ಲಿ ಅವಳಿಗೇ ಮೈ ನಡುಕ ತಡೆಯಲಾಗಲಿಲ್ಲ. ಮೂಲೆ ಬಾಯಿ ತೆರೆದಿದ್ದ ಆ ಕೌದಿಯನ್ನೇ ಹೊದ್ದುಕೊಂಡು ಮಲಗಿದಳು. ಅದರೊಳಗೇ ಹೋದಳು.

ಅವಳ ಶಿವಗಣಾರಾಧನೆ ಮುಗಿದ ದಿನ ರಾಜಶೇಖರನ ಹತ್ತಿರ ಕೌದಿ ಕೇಳಿದೆ. ಅವನು ತಲೆ ತಗ್ಗಿಸಿದ. "ಅವತ್ತೇ ಹಾಸಿಗೆ ಬಟ್ಟೆಯೆಲ್ಲ ಅಕ್ಕನ ಗುಣಿ ತೋಡಿದ ಕೆಂಚಪ್ಪನಿಗೆ ಕೊಟ್ಟುಬಿಟ್ಟೆವು ಟೀಚರ್. ಪದ್ಧತಿ ಅಲ್ವಾ. ಸುಟ್ಟುಬಿಡು ಅಂತ ಹೇಳಿದ್ದೆ. ನೀವು ಮೊದಲೇ ಹೇಳಬಾರದಿತ್ತಾ?" ಅವನ ಕಣ್ಣೂ ಒದ್ದೆಯಾಗಿತ್ತು.

ಮಾರನೇ ದಿನ ಆಟೋ ಹಿಡಿದು ಗಂಡಸಿ ರಸ್ತೆಯ ಸ್ಮಶಾನದ ಪಕ್ಕದಲ್ಲಿರುವ ಕೆಂಚಪ್ಪನ ಮನೆಗೆ ಹೋದೆ. ಬೂದಿಯಾದರೂ ಕಾಣಲಿ ಎಂದು ಹೋದೆನೋ ಏನೋ. ಬಾಗಿಲಲ್ಲೇ ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅವಳ ಕೋಣೆಯ ವಾಸನೆ. ಒಳಗೆ ಅವನ ತಾಯಿ ಮುತ್ತಮ್ಮ ಹಾಡಹಗಲಲ್ಲಿ ಕೌದಿ ಹೊದ್ದು ಮಲಗಿತ್ತು. ಮೂಗೊಂದು ಹೊರಗೆ.

"ಸಾವ್ಕಾರ್ರು ಸುಡು ಅಂದ್ರು ಟೀಚರಮ್ಮ" ಎಂದ ಕೆಂಚಪ್ಪ, ಕೈ ಕಟ್ಟಿಕೊಂಡು. "ಸುಡಕ್ಕೆ ಕೈ ಬರ್ಲಿಲ್ಲ. ಇಷ್ಟೊಂದು ಒಲ್ಗೆ ಆಕವ್ರೆ. ತಪ್ಪಾಯ್ತಾ?"

ಮುತ್ತಮ್ಮ ಎದ್ದು ಕೂತಿತು. "ಏನ್ ತಪ್ಪು? ಸತ್ತೋರ ಬಟ್ಟೆ ಅಂತ ನಾವು ಎದ್ರುಕೊಂಡ್ರೆ ಉಂಟೇನವ್ವ? ಅವ್ರ ಪಕ್ಕದಾಗೇ ಬಾಳ್ವೆ ನಮ್ದು. ಈ ಮೂಳೆ ಚಳಿಗೆ ಸೊಸೈಟಿ ಕಂಬ್ಳಿ ಎರಡು ಹೊದ್ರೂ ಆಗ್ತಿರ್ಲಿಲ್ಲ. ಇದು ಬಂದ್ಮ್ಯಾಕೆ ಬೆಳಗಾನ ಬೆವರ್ತೀನಿ." ಆಮೇಲೆ ನನ್ನ ಮುಖ ನೋಡಿ ಏನು ತಿಳಿಯಿತೋ, ಕೌದಿಯನ್ನು ಮಡಿಸತೊಡಗಿತು. "ನಿಮ್ದಾ? ತಗೊಂಡೋಗವ್ವ. ಒಂದು ಮೂಲೆ ಬಿಟ್ಕಂಡೈತೆ, ಅದೊಂದು ಕಾಲ್ಗೆ ಸಿಕ್ಕಾಕ್ಕೊಳ್ತೈತೆ, ನೋಡ್ಕಳಿ."

ಕೌದಿ ನನ್ನ ಮಡಿಲಿಗೆ ಬಂತು. ಮುತ್ತಮ್ಮನ ಮೈ ಬಿಸಿ ಇನ್ನೂ ಅದರಲ್ಲಿತ್ತು. ನಡುವೆ ನನ್ನ ಬೂದು ಸೀರೆ. ತಗೊಂಡು ಹೋಗಬೇಕೆಂದು ಎಷ್ಟು ಆಸೆಯಾಯಿತು ಎಂದರೆ ಎದ್ದು ನಿಂತೇ ಬಿಟ್ಟೆ. ಮನೆಯಲ್ಲಿ ನನಗೆ ರಗ್ಗುಗಳಿವೆ. ತಗೊಂಡು ಹೋಗಿದ್ದರೂ ಇದನ್ನು ನಾನು ಹೊದೆಯುತ್ತಿರಲಿಲ್ಲ. ಮುಖಕ್ಕೆ ಒತ್ತಿಕೊಂಡು ಅತ್ತು, ಮಡಿಸಿ, ಬೀರುವಿನಲ್ಲಿ ಇಡುತ್ತಿದ್ದೆ.

ಮತ್ತೆ ಕೂತೆ. "ಅಜ್ಜಿ, ಸೂಜಿ ದಾರ ಐತಾ? ಒಂದು ಚೂರು ಕೊಬ್ಬರೀನೂ ಬೇಕು" ಎಂದೆ.

"ಕೊಬ್ರಿ ಯಾಕವ್ವ?"

"ಇದಕ್ಕೆ ಇನ್ನೂ ಊಟ ಆಗಿಲ್ಲ."

ಮುತ್ತಮ್ಮ ಒಳಗಿಂದ ಒಂದು ಒಣ ಕೊಬ್ಬರಿ ಗಿಟುಕು ತಂದು, ಹಲ್ಲಿಲ್ಲದ ಬಾಯಿಂದ ನಗುತ್ತಾ ಕೆಂಚಪ್ಪನ ಕೈಗೆ ಕೊಟ್ಟು ಒಡೆಸಿತು. ದೊಡ್ಡ ಚೂರನ್ನೇ ಆರಿಸಿ ನನಗೆ ಕೊಟ್ಟಿತು. ಅದನ್ನು ಮೂಲೆಯೊಳಗೆ ತಳ್ಳಿ ಹೊಲಿದೆ. ನನ್ನ ಹೊಲಿಗೆ ಸೊಟ್ಟ. ಅವಳು ನೋಡಿದ್ದರೆ ಬಿಚ್ಚಿಸುತ್ತಿದ್ದಳು.

ದಾರ ಕಡಿದು ಅಜ್ಜಿಗೆ ಹೊದಿಸಿ ಬಂದೆ. ಆಟೋದಲ್ಲಿ ಕೂತಾಗ ಮೊದಲು ಅನ್ನಿಸಿದ್ದು, ಇದನ್ನು ಅವಳಿಗೆ ಹೇಳಬೇಕು ಎಂದು. ಆಟೋದವನು ಮಂಡಿ ಬೀದಿಯ ಮೇಲೆ ಹೋಗಲಾ ಎಂದು ಕೇಳಿದ. ಸುತ್ತು ಹಾಕಿ ಹೋಗು ಎಂದೆ.