ಎಡಗೈಗೆ ಒಗ್ಗಿದ ಯಂತ್ರ

ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಕಾಲು ಜಾರಿ ಬಿದ್ದ ನನ್ನ ಹೆಂಡತಿ ಬಲಗೈಯ ಮಣಿಕಟ್ಟು ಮುರಿದುಕೊಂಡಳು. ಡಾಕ್ಟರು ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, ಆ ಕೈಯಿಂದ ಲೋಟವನ್ನೂ ಎತ್ತಬಾರದೆಂದು ಹೇಳಿ ಕಳಿಸಿದರು. ರಬಕವಿಯ ಪೇಟೆಯಲ್ಲಿ ನನ್ನದೊಂದು ಸೀರೆ ಅಂಗಡಿ. ಚಹಾ ಕಾಯಿಸುವುದರ ಹೊರತು ಅಡುಗೆಯ ಕೆಲಸ ಯಾವುದೂ ನನಗೆ ಗೊತ್ತಿರಲಿಲ್ಲ. ರೊಟ್ಟಿ, ಪಲ್ಯ ಎಲ್ಲವನ್ನೂ ಖಾನಾವಳಿಯಿಂದ ತರತೊಡಗಿದೆ.

ಅವಳು ಎರಡು ದಿನ ಸುಮ್ಮನೆ ಉಂಡಳು. ಆಮೇಲೆ ತಟ್ಟೆಯನ್ನು ಸರಿಸಿ, "ಒಂದೀಟು ಪಚಡಿ ಇದ್ದಿದ್ರ ಆಗ್ತಿತ್ರಿ" ಎಂದಳು. ಅವಳಿಗೆ ಊಟವೆಂದರೆ ಮೊದಲು ಪಚಡಿ. ಸಣ್ಣಗೆ ಹೆಚ್ಚಿದ ಹಸಿ ಮೆಂತ್ಯದ ಸೊಪ್ಪು, ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿ, ಮೇಲೆ ಶೇಂಗಾ ಪುಡಿ, ಒಂದು ಚಮಚ ಹಸಿ ಎಣ್ಣೆ. ನಾನೇ ಚಾಕು ಹಿಡಿದು ಕುಳಿತೆ. ನನ್ನ ಹೋಳುಗಳನ್ನು ನೋಡಿ ಅವಳು, "ಇದು ಎತ್ತಿನ ಮುಂದ ಹಾಕೂ ಹಂಗ ಐತ್ರಿ" ಎಂದು ನಕ್ಕಳು. ಆದರೂ ಉಂಡಳು.

ಮರುದಿನ ಅಂಗಡಿಯಿಂದ ಬಂದಾಗ ಅವಳು ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದಳು. ಉಳ್ಳಾಗಡ್ಡಿಯನ್ನು ಪ್ಲಾಸ್ಟರಿನಿಂದ ಅದುಮಿ ಹಿಡಿದು ಎಡಗೈಯಿಂದ ಹೆಚ್ಚಲು ನೋಡಿದ್ದಾಳೆ. ಅದು ಜಾರಿ ಮೂಲೆಗೆ ಉರುಳಿದೆ. ಮೂಳೆ ಕೂಡಿಸುವಾಗಲೂ ಅಳದವಳ ಕಣ್ಣಲ್ಲಿ ನೀರಿತ್ತು. "ಒಂದ ಉಳ್ಳಾಗಡ್ಡಿ ಹೆಚ್ಚಾಕ ಬರವಲ್ದು ನನಗ" ಎಂದಳು. ಮನೆಯ ಮಿಕ್ಸರಿನಿಂದ ಇದಕ್ಕೆ ಪ್ರಯೋಜನವಿರಲಿಲ್ಲ. ಅದರ ಜಾರ್ ಅನ್ನು ತಿರುಗಿಸಿ ಕೂರಿಸಲು ಎರಡು ಕೈ ಬೇಕು. ಮೇಲಾಗಿ ಹಾಕಿದ್ದನ್ನೆಲ್ಲ ಅದು ಚಟ್ನಿ ಮಾಡಿಬಿಡುತ್ತದೆ.

ನಾನು ಜಮಖಂಡಿಯ ಬಸ್ಸು ಹತ್ತಿದೆ.

ಪಾತ್ರೆ ಅಂಗಡಿಯವನು ಮೊದಲು ದಾರ ಎಳೆದು ಹೆಚ್ಚುವ ಡಬ್ಬಿಯೊಂದನ್ನು ತೋರಿಸಿದ. "ಕರೆಂಟೂ ಬ್ಯಾಡ್ರಿ, ಎಳದ್ರ ಆತು." ನಾನು ಹೆಗಲ ಮೇಲಿನ ಟವೆಲ್ಲಿನಿಂದ ನನ್ನ ಬಲಗೈಯನ್ನು ಹೊಟ್ಟೆಗೆ ಕಟ್ಟಿಕೊಡಲು ಹೇಳಿದೆ. ಅವನು ಗಾಬರಿಯಾಗಿ, "ಕೈಗೆ ಏನಾಗೇತ್ರಿ?" ಎಂದ.

"ನನ್ನ ಕೈಗೆ ಏನೂ ಆಗಿಲ್ಲ. ಮುರದದ್ದು ಮನಿಯಾಕಿ ಕೈ. ಆಕಿ ಇದನ್ನ ಎಡಗೈಲೆ ನಡಸ್ಬೇಕು."

ಅವನು ನಗುತ್ತಲೇ ಟವೆಲ್ಲು ಬಿಗಿದ. ದಾರ ಎಳೆದರೆ ಡಬ್ಬಿಯೇ ನನ್ನ ಹಿಂದೆ ಬಂತು. ಆಮೇಲೆ ದೊಡ್ಡ ಯಂತ್ರ ಬಂತು. ತುರಿಯುತ್ತದೆ, ಹಿಟ್ಟು ನಾದುತ್ತದೆ ಎಂದು ಅವನು ಬಣ್ಣಿಸುತ್ತಿದ್ದ. ಆದರೆ ಮುಚ್ಚಳ ತಿರುಗಿಸಿದರೆ ಬಟ್ಟಲೂ ಜೊತೆಗೇ ತಿರುಗಿತು. ಸೌಟು ಕೊಳ್ಳಲು ಬಂದಿದ್ದ ಹೆಣ್ಣುಮಗಳೊಬ್ಬಳು ತನ್ನ ವ್ಯಾಪಾರ ಮರೆತು ನಮ್ಮ ಪಕ್ಕಕ್ಕೆ ಬಂದು ನಿಂತಳು. "ಆ ಸಣ್ಣದು ತಗೀರಿ. ದೊಡ್ಡದನ್ನ ತೊಳ್ಯಾವ್ರು ಯಾರು?" ಎಂದಳು.

ಆ ಸಣ್ಣದು ಗಾಜಿನ ಬಟ್ಟಲಿನದು. ಜಾರದಂತೆ ತಳಕ್ಕೆ ರಬ್ಬರಿನ ಬಳೆ. ಮುಚ್ಚಳ ಸುಮ್ಮನೆ ಕೂರುತ್ತದೆ, ಅದರ ಮೇಲೆ ಮೋಟರು, ಒತ್ತಿದರೆ ತಿರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅಂಗಡಿಯವನು ಎದುರಿನ ಗಾಡಿಯಿಂದ ಉಳ್ಳಾಗಡ್ಡಿ ತಂದು ಸುಲಿದು ಹಾಕಿದ. ನಾನು ಎಡಗೈಯಿಂದ ಒತ್ತಿದೆ. ಗರ್ ಎಂದಿತು. ಮೂವರೂ ಬಟ್ಟಲಿನೊಳಗೆ ಇಣುಕಿದೆವು. "ಛಲೋ ಆತು ನೋಡ್ರಿ!" ಎಂದು ಆ ಹೆಣ್ಣುಮಗಳು ತಾನೇ ಹೆಚ್ಚಿದವಳಂತೆ ಹಿಗ್ಗಿದಳು.

ಮನೆಯಲ್ಲಿ ಮಾತ್ರ ನನ್ನ ಮೊದಲ ಪ್ರಯತ್ನ ಕೆಟ್ಟಿತು. ಉತ್ಸಾಹದಲ್ಲಿ ಒತ್ತಿ ಹಿಡಿದೇ ನಿಂತೆ. ಮೆಂತ್ಯ, ಮೂಲಂಗಿ ಎಲ್ಲ ಹಸಿರು ಗೊಜ್ಜಾಯಿತು. ಅವಳು ಪ್ಲಾಸ್ಟರ್ ಅಲುಗುವಷ್ಟು ನಕ್ಕಳು. "ಇದನ್ನೇನು ಕೈಗೆ ಮೆಹಂದಿ ಹಚ್ಕೊಳ್ಲೇನ್ರಿ? ಸರೀರಿ ಅತ್ಲಾಗ."

ನಾನು ಸರಿದೆ. ಅವಳು ಎಡಗೈಯನ್ನು ಯಂತ್ರದ ಮೇಲಿಟ್ಟು ಒತ್ತಿದಳು, ಬಿಟ್ಟಳು. ಮತ್ತೆ ಒತ್ತಿದಳು, ಬಿಟ್ಟಳು. ಸೊಪ್ಪು ತೊಳೆದು ಅರಿವೆಯಲ್ಲಿ ಒರೆಸಿಕೊಡುವುದು, ಗಜ್ಜರಿಯನ್ನು ತುಂಡು ಮಾಡುವುದು ನನ್ನ ಪಾಲಿಗೆ ಬಂತು. ನೀರು ಬಿಡುತ್ತದೆಂದು ಮೂಲಂಗಿಯನ್ನು ಬೇರೆಯಾಗಿಯೇ ತಿರುಗಿಸಿದಳು. ಕೊನೆಗೆ ಹುರಿದ ಶೇಂಗಾ ಹಾಕಿ, ಹಲ್ಲಿಗೆ ಸಿಗುವಷ್ಟು ತರಿಯಾದ ಕೂಡಲೇ ನಿಲ್ಲಿಸಿದಳು. "ಅಲಗು ನೀವು ತೊಳೀರಿ, ಹುಷಾರ್ರಿ. ಇಬ್ಬರದೂ ಕೈ ಹೋದ್ರ ಉಣ್ಣೋದು ಹೆಂಗ?" ಎಂದಳು. ಅಂದು ಅವಳು ಹೊಟ್ಟೆತುಂಬ ಉಂಡಳು. ಖಾನಾವಳಿಯ ರೊಟ್ಟಿಯನ್ನೂ ಹೊಗಳಿದಳು.

ಆಮೇಲೆ ದಿನವೂ ಅಂಗಡಿಯಿಂದ ಬೇಗ ಬರತೊಡಗಿದೆ. ಗಿರಾಕಿಗಳ ಮಾತು, ನೇಕಾರರು ತಂದ ಹೊಸ ಅಂಚಿನ ಸುದ್ದಿಗಳನ್ನು ಸೊಪ್ಪು ಬಿಡಿಸುತ್ತ ಹೇಳುತ್ತಿದ್ದೆ. ಇಷ್ಟು ವರ್ಷ ಊಟಕ್ಕೆ ಕುಳಿತಾಗಷ್ಟೇ ನಮ್ಮ ಮಾತು. ಈಗ ಅದು ತಟ್ಟೆ ಹಾಕುವ ಮೊದಲೇ ಶುರುವಾಗುತ್ತಿತ್ತು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅನಗವಾಡಿಯಿಂದ ಅವಳ ಅಕ್ಕ ನೋಡಲು ಬಂದರು. ಅಡುಗೆಮನೆಯಲ್ಲಿ ನಾನು ಬಟ್ಟಲಿಗೆ ಗಜ್ಜರಿ ತುಂಬುತ್ತಿದ್ದೆ. ಅಕ್ಕ ಬಾಗಿಲಲ್ಲೇ ನಿಂತು, "ಏನ ಬೇ, ಕೈ ನೆಟ್ಟಗಾದ್ರೂ ಗಂಡನ್ನ ಅಡಗಿಮನ್ಯಾಗ ದುಡಸಾಕತ್ತೀಯಲ್ಲ!" ಎಂದರು.

"ನಾ ಎಲ್ಲಿ ದುಡಸಾಕತ್ತೇನಿ? ಅವರೇ ಹೊರಗ ಹೋಗವಲ್ರು" ಎಂದಳು ಇವಳು.

ಅಕ್ಕ ನಗುತ್ತ ಬಂದು ಯಂತ್ರದ ಮೇಲೆ ತಾವೂ ಕೈಯಿಟ್ಟು, "ಹೆಂಗ ಒತ್ತೂದು?" ಎಂದು ಕೇಳಿದರು. ಹೇಳಿಕೊಡಲು ನಾವಿಬ್ಬರೂ ಒಟ್ಟಿಗೇ ಬಾಯಿ ತೆರೆದೆವು.