ಅಮ್ಮನ ಸ್ಯಾಟಿನ್ ನೈಟಿ

ಕ್ಯಾಲನೂರಿನ ನಮ್ಮ ಮನೆಯಲ್ಲಿ ಅಮ್ಮನ ಕೆನ್ನೆಯೇ ಥರ್ಮಾಮೀಟರ್. ರೇಷ್ಮೆ ಹುಳುವಿಗೆ ಹಾಕುವ ಮುಂಚೆ ಹಿಪ್ಪುನೇರಳೆ ಸೊಪ್ಪನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ತಣ್ಣಗಿದ್ದರೆ ಹುಳುವಿಗೆ, ರಾಶಿಯಲ್ಲಿ ಕಾದಿದ್ದರೆ ಹಸುವಿಗೆ. ಆ ಅಭ್ಯಾಸ ನನಗೂ ಅಂಟಿತು. ಕೋಲಾರದಲ್ಲಿ ಮನೆಯಲ್ಲೇ ಮಷೀನು ಇಟ್ಟು ಇಪ್ಪತ್ತು ವರ್ಷ ಹೊಲಿದರೂ, ಬಟ್ಟೆಯನ್ನು ಕೆನ್ನೆಗಿಟ್ಟೇ ಕೊಳ್ಳುತ್ತಿದ್ದೆ. ಸೊಪ್ಪು ಬೇರೆ, ಬಟ್ಟೆ ಬೇರೆ ಅನ್ನುವಷ್ಟಾದರೂ ಬುದ್ಧಿ ಬೇಡವೇ? ನನಗಿರಲಿಲ್ಲ.

ಅಮ್ಮನಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋದ ಮೇಲೆ ನನ್ನ ಮನೆಗೆ ಕರೆತಂದೆ. ಸೀರೆ ಉಡಿಸುವುದು ಆಗುತ್ತಿರಲಿಲ್ಲ. ಜೀವಮಾನವೆಲ್ಲ ರೇಷ್ಮೆ ಹುಳು ಸಾಕಿ, ಮೈಮೇಲೆ ಒಂದು ರೇಷ್ಮೆ ಸೀರೆ ಕಾಣದವಳು. ಅವಳಿಗೆ ಹೊಳೆಯುವ ಬಟ್ಟೆಯಲ್ಲೇ ನೈಟಿ ಹೊಲಿಯಬೇಕೆಂದು ನನ್ನ ಹಟ. ಪಾಲಿಯೆಸ್ಟರ್ ಸ್ಯಾಟಿನ್ ಸಿಕ್ಕಿತು. ಕೆನ್ನೆಗಿಟ್ಟರೆ, ಆಹಾ, ಬಾವಿ ನೀರಿನ ಹಾಗೆ ತಣ್ಣಗೆ! ಒಗೆದು ಹಾಕಿದರೆ ಬೇಗ ಒಣಗುತ್ತದೆ ಬೇರೆ. ನಾಲ್ಕು ನೈಟಿ ಹೊಲಿದೆ.

ಅದು ಬೇಸಿಗೆ. ನಮ್ಮದು ಶೀಟಿನ ಮನೆ. ಅಮ್ಮ ಎಡಗೈಯಲ್ಲಿ ನೈಟಿಯ ಕತ್ತು ಹಿಡಿದು ಎಳೆಯುತ್ತಲೇ ಇರುತ್ತಿದ್ದಳು. ಬಾಯಿಂದ ಬರುತ್ತಿದ್ದದ್ದು ಒಂದೇ ಸದ್ದು. "ಉಕ್ಕ... ಉಕ್ಕ..."

ಹಾಲು ಉಕ್ಕುತ್ತಿದೆ ಅನ್ನುತ್ತಿದ್ದಾಳೆ ಅಂದುಕೊಂಡು ನಾನು ಮಷೀನು ಬಿಟ್ಟು ಅಡುಗೆಮನೆಗೆ ಓಡುತ್ತಿದ್ದೆ. ಅಲ್ಲಿ ಏನೂ ಇರುತ್ತಿರಲಿಲ್ಲ. ವಾಪಸ್ಸು ಬಂದು ಬೈಯುತ್ತಿದ್ದೆ.

"ಎಲ್ಲಿ ಉಕ್ತಾ ಐತಮ್ಮಾ? ಒಲೆ ಮೇಲೆ ಹಾಲೇ ಇಲ್ಲ! ಯಾಕಮ್ಮ ನನ್ ಪ್ರಾಣ ತಿಂತೀಯಾ?"

ಒಂದು ದಿನ ಎಳೆದೆಳೆದು ಕತ್ತಿನ ಹೊಲಿಗೆ ಬಿಟ್ಟಿತು. ನನಗೆ ರೇಗಿಹೋಯಿತು. ನಾಲ್ಕು ನೈಟಿಗಳಿಗೂ ಕತ್ತನ್ನು ಬಿಗಿ ಮಾಡಿ ಎರಡೆರಡು ಹೊಲಿಗೆ ಹಾಕಿದೆ. ಆಮೇಲೆ ಅಮ್ಮ ಎಳೆಯುವುದನ್ನೂ ಬಿಟ್ಟಳು, ಆ ಸದ್ದನ್ನೂ ಬಿಟ್ಟಳು. ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು. ಅಂತೂ ದಾರಿಗೆ ಬಂದಳು ಅಂದುಕೊಂಡೆ. ಮಳೆ ಬೀಳುವ ಮುಂಚೆ ಹೋಗಿಬಿಟ್ಟಳು.

ವರ್ಷ ಕಳೆದ ಮೇಲೆ ಮುಳಬಾಗಿಲಿನಲ್ಲಿ ಒಬ್ಬ ಸಾಬರ ಅಂಗಡಿಗೆ ಬಟ್ಟೆ ತರಲು ಹೋಗಿದ್ದೆ. ನಾನು ಸ್ಯಾಟಿನ್ ಬಟ್ಟೆಯ ಥಾನನ್ನು ಕೆನ್ನೆಗಿಟ್ಟಿದ್ದು ನೋಡಿ ಅವರು ನಕ್ಕರು.

"ಅಕ್ಕಾ, ನುಣ್ಣಗಿರೋದೆಲ್ಲಾ ಮುಟ್ಟಿದ ಗಳಿಗೆ ತಣ್ಣಗೇ ಇರ್ತದೆ. ಬಾಯಿಗಿಟ್ಟು ಊದಿ ನೋಡಿ."

ಊದಿದೆ. ಆಚೆ ಬದಿಗೆ ಹಿಡಿದ ಅಂಗೈಗೆ ಗಾಳಿಯೇ ತಾಕಲಿಲ್ಲ. ಅವರು ಇನ್ನೊಂದು ಬಟ್ಟೆ ಕೊಟ್ಟರು. ಊದಿದ ಉಸಿರು ಸಲೀಸಾಗಿ ಅಂಗೈಗೆ ಬಂತು.

"ಇದು ಕಾಟನ್ನಾ?"

"ಎಲ್ಲಿಯ ಕಾಟನ್ನು! ಇದೂ ಪಾಲಿಯೆಸ್ಟರೇ. ಎಳೆ ಸುರುಳಿ ಸುರುಳಿ, ನೇಯ್ಗೆ ಸಡಿಲ. ಅದಕ್ಕೇ ಗಾಳಿ ಆಡ್ತದೆ. ಆ ಸ್ಯಾಟಿನ್ನು ಒತ್ತಾಗಿ ನೇಯ್ದಿರೋದು. ಬೆವರು ಕುಡಿಯೋದೂ ಇಲ್ಲ, ಹೊರಗೆ ಬಿಡೋದೂ ಇಲ್ಲ."

ಅಷ್ಟರಲ್ಲಿ ಆಂಧ್ರದ ಕಡೆಯ ಹೆಂಗಸೊಬ್ಬಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಒಳಗೆ ಬಂದು ಕೂತಳು. "ಅಬ್ಬಬ್ಬಾ, ಏಮಿ ಉಕ್ಕ!"

ತೆಲುಗಿನಲ್ಲಿ ಉಕ್ಕ ಅಂದರೆ ಸೆಕೆ. ಮೈ ಬೇಯುವಂಥ, ಗಾಳಿಯಾಡದ ಸೆಕೆ. ಆ ಮಾತು ನನಗೆ ಗೊತ್ತಿಲ್ಲದ್ದೇನಲ್ಲ. ತೆಲುಗು ಗಿರಾಕಿಗಳ ಬಾಯಲ್ಲಿ ಎಷ್ಟು ಸಲ ಕೇಳಿಲ್ಲ! ಅಮ್ಮನ ತವರು ಗಡಿಯಾಚೆ. ಆದರೆ ಮದುವೆಯಾಗಿ ಬಂದ ಮೇಲೆ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಆಡಿದವಳಲ್ಲ. ಎಲ್ಲ ಮಾತು ಹೋಗಿ ಹುಟ್ಟಿದೂರಿನ ಆ ಒಂದೇ ಮಾತು ಉಳಿದಿತ್ತು. ನಾನು ಅದನ್ನೂ ಕನ್ನಡದಲ್ಲೇ ಕೇಳಿಸಿಕೊಂಡೆ. ಬಟ್ಟೆ ಕೊಳ್ಳದೆ ಬಸ್ಸು ಹತ್ತಿದೆ.

ಮನೆಗೆ ಬಂದು ಬೀರುವಿನಿಂದ ಅಮ್ಮನ ನೈಟಿ ತೆಗೆದೆ. ಬಾಯಿಗಿಟ್ಟು ಊದಿದೆ. ಉಸಿರು ಆಚೆಗೆ ಹೋಗದೆ ಬೆಚ್ಚಗೆ ನನ್ನ ಮುಖಕ್ಕೇ ಹೊಡೆಯಿತು. ಕತ್ತಿನಲ್ಲಿ ನನ್ನ ಎರಡು ಹೊಲಿಗೆ ಅಚ್ಚುಕಟ್ಟಾಗಿ ಹಾಗೇ ಇದ್ದವು. ಎಂಥ ಪಾಪಿ ನಾನು!

ಮಧ್ಯಾಹ್ನ ಶೀಟು ಕಾದರೆ ಈಗಲೂ ಆ ಸದ್ದು ಕೇಳುತ್ತದೆ. ಮೊನ್ನೆ ನಿಜವಾಗಿಯೇ ಹಾಲು ಉಕ್ಕಿ ಚೆಲ್ಲಿತು. ನಾನು ಒಲೆಯ ಕಡೆ ಓಡಲಿಲ್ಲ. ಖಾಲಿ ಮಂಚದ ಪಕ್ಕ ಬೀಸಣಿಗೆ ಬೀಸುತ್ತಾ ಕೂತಿದ್ದೆ.