ಶಂಖದ ಹುಳದ ಹಾಸುಗಲ್ಲು

ಹೋದ ವಾರ ಆಳಂದದ ಹೊಸ ಮನೆಯ ಅಂಗಳಕ್ಕೆ ಮುರುಮಿನ ಕಲ್ಲುಮಣ್ಣು ಹಾಕಿಸಿ ನೀರು ಹೊಡೆಯುತ್ತಿದ್ದೆ. ಕಾದ ಕಲ್ಲಿಗೆ ನೀರು ಬಿದ್ದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಭೀಮಾ ನದಿಯ ದಂಡೆ, ಅಲ್ಲಿ ಸೀರೆ ಎತ್ತಿ ಕಟ್ಟಿ ಬಟ್ಟೆ ಕುಕ್ಕುತ್ತಿದ್ದ ಆಯಿ... ಪೈಪು ಕೈಯಲ್ಲೇ ಉಳಿಯಿತು.

ಆಯಿ ನಮಗೆ ರಕ್ತಸಂಬಂಧಿಯಲ್ಲ. ಅಫಜಲಪುರ ತಾಲ್ಲೂಕಿನ ನಮ್ಮೂರಲ್ಲಿ, ಜಾತಿ ಬಿಟ್ಟು ಬೌದ್ಧರಾದ ನಮ್ಮವರ ಓಣಿಯಲ್ಲಿ, ಮಗ್ಗುಲ ಮನೆಯ ಅಜ್ಜಿ. ಕೂಲಿ ಮಾಡಿ ಉಣ್ಣುತ್ತಿದ್ದಳು. ಬಾಯಿಯನ್ನು ಮಾತ್ರ ಯಾರ ಕೂಲಿಗೂ ಕೊಟ್ಟವಳಲ್ಲ.

ಹೊಳೆಯಲ್ಲಿ ಬಟ್ಟೆ ಒಗೆಯಲು ಎರಡು ಜಾಗಗಳಿದ್ದವು. ಮೇಲೆ ಅಗಲವಾದ ಕಪ್ಪು ಹಾಸುಗಲ್ಲು, ಅದು ಮೇಲೋಣಿಯವರದು. ಅವರು ಒಗೆದ ನೀರು ಹರಿದು ಬರುವ ಕೆಳದಂಡೆ ನಮ್ಮದು. ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ನಮ್ಮ ದಂಡೆಯಲ್ಲಿ ಬೂದು ಕಲ್ಲಿನ ಚೂರೊಂದು ಸಿಕ್ಕಿತು. ಅದರ ತುಂಬ ಪುಟ್ಟ ಪುಟ್ಟ ಶಂಖದ ಹುಳಗಳು, ಕಲ್ಲಾಗಿ ಕೂತಿದ್ದವು. ಸಾಲೆಯಲ್ಲಿ ಕಲಿತದ್ದನ್ನು ಆಯಿಗೆ ಒಪ್ಪಿಸಿದೆ. ನಮ್ಮ ಸೀಮೆಯ ಕರಿಕಲ್ಲೆಲ್ಲ ಒಂದು ಕಾಲಕ್ಕೆ ಕುದಿಯುತ್ತ ಹರಿದ ಬೆಂಕಿ. ಒಂದು ಹರಿವು ಆರಿ, ಮೇಲೆ ಕೆರೆ ನಿಂತು, ಕೆರೆಯಲ್ಲಿ ಈ ಹುಳ ಬದುಕಿ, ಮತ್ತೆ ಬೆಂಕಿ ಹರಿದು ಎಲ್ಲ ಮುಚ್ಚಿತು. ಕೋಟಿಗಟ್ಟಲೆ ವರ್ಷದ ಹಿಂದಿನ ಮಾತು.

"ಆವಾಗ ನಮ್ಮ ಹೊಳಿ?"

"ಹೊಳೀನೂ ಇರ್ಲಿಲ್ಲ ಆಯಿ, ಮನುಷ್ಯಾರೂ ಇರ್ಲಿಲ್ಲ."

ಆಯಿ ಕಲ್ಲನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಆಮೇಲೆ ಸೊನ್ನದ ಬ್ಯಾರೇಜಿನ ಹಿನ್ನೀರು ಏರಿ ನಮ್ಮ ಕೆಳದಂಡೆ ಮುಳುಗಿತು. ಅದೇ ಹೊತ್ತಿಗೆ ಆಯಿಯ ಸೊಸೆ ಹಡೆದಳು. ಬಾಣಂತಿಯ ಬಟ್ಟೆ, ಕೂಸಿನ ಬಟ್ಟೆ ಗಂಟು ಕಟ್ಟಿಕೊಂಡು ಆಯಿ ನೇರ ಮೇಲಿನ ಹಾಸುಗಲ್ಲಿಗೆ ನಡೆದಳು. ಹಿಂದೆ ಬಕೆಟ್ಟು ಹಿಡಿದು ನಾನು.

ಸುದ್ದಿ ಮುಟ್ಟಿ ಊರ ಗೌಡರು ಬಂದರು.

"ಎಲ್ಲಿ ಕುಂತೀ ಬೇ? ಮೊದಲಿಂದ್ಲೂ ಈ ಕಲ್ಲು ನಮ್ದು."

"ಮೊದಲು ಅಂದ್ರ ಯಾವಾಗ್ರಿ ಗೌಡ್ರ?"

"ನಮ್ಮ ಮುತ್ಯಾನ ಮುತ್ಯಾನ ಕಾಲದಿಂದ."

"ಅಷ್ಟೇನ್ರಿ?" ಆಯಿ ಸೆರಗಿನ ಗಂಟು ಬಿಚ್ಚಿದಳು. "ಈ ಹುಳಾ ಬದುಕಿದ್ದಾಗ ನಿಮ್ಮ ಮುತ್ಯಾನೂ ಇರ್ಲಿಲ್ಲ, ನಮ್ಮ ಮುತ್ಯಾನೂ ಇರ್ಲಿಲ್ಲ, ಈ ಹೊಳೀನೂ ಇರ್ಲಿಲ್ಲಂತ. ಮೊದಲು ಬಂದವ್ರದಂದ್ರ ಕಲ್ಲು ಈ ಹುಳದ್ದು. ಅದರ ಅಪ್ಪಣಿ ತಗೊಂಡು ಒಗ್ಯಾಕತ್ತೇನಿ."

ಗೌಡರು ಬಟ್ಟೆಯ ಗಂಟನ್ನು ಹೊಳೆಗೆ ಒದ್ದರು. ಆಯಿ ಸೊಂಟಮಟ್ಟ ನೀರಿಗಿಳಿದು ಒಂದೊಂದೇ ಬಟ್ಟೆ ಹಿಡಿದು ತಂದಳು, ಅದೇ ಕಲ್ಲಿನ ಮೇಲೆ ಅವರ ಎದುರಿಗೇ ಕುಕ್ಕಿದಳು. ಕೂಸಿನ ದುಪಟಿಯೊಂದು ಮಾತ್ರ ಸಿಗಲಿಲ್ಲ.

ಮರುದಿನದಿಂದ ಮೇಲೋಣಿಯವರ ಹೊಲದಲ್ಲಿ ಅವಳಿಗೆ ಕೂಲಿ ಬಂದ್. ಟಂಟಂ ಆಟೊ ಹತ್ತಿ ಬೇರೆ ಊರಿನ ತೊಗರಿ ಹೊಲಗಳಿಗೆ ಕಳೆ ತೆಗೆಯಲು ಹೋದಳು, ಕೆಲವು ದಿನ ಬರೀ ನೀರು ಕುಡಿದು ಮಲಗಿದಳು. ಹಾಸುಗಲ್ಲು ಮಾತ್ರ ಬಿಡಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ಓಣಿಯ ಹೆಂಗಸರೆಲ್ಲ ಅವಳ ಮಗ್ಗುಲಿಗೆ ಕೂತಿದ್ದರು. ತನ್ನ ನೆರಳಿಗೂ ಅಂಜುವ ನನ್ನ ಅವ್ವ ಕೂಡ.

ಆಯಿ ತೀರಿಕೊಂಡು ಬಹಳ ವರ್ಷವಾಯಿತು. ಹೋಗುವ ಮುಂಚೆ ಆ ಹುಳದ ಕಲ್ಲನ್ನು ನನ್ನ ಕೈಗೆ ಕೊಟ್ಟಿದ್ದಳು. ಈಗ ಊರಿಗೆ ನಳ ಬಂದಿದೆ, ಹಾಸುಗಲ್ಲಿನ ಸುತ್ತ ಜಾಲಿ ಬೆಳೆದಿದೆ...

ಅಂಗಳದಲ್ಲಿ ಹಾಗೇ ನಿಂತಿದ್ದಾಗ ಎದುರು ಮನೆಯಾಕೆ ಗೇಟಿನ ಹತ್ತಿರ ಬಂದರು. ನಗುನಗುತ್ತಲೇ ಕೇಳಿದರು, "ಟೀಚರ್, ನೀವು ಮೊದಲಿಂದ ಯಾರ ಪೈಕಿರಿ?"

ಈ ಪ್ರಶ್ನೆಯ ಒಳಗಿರುವುದು ಜಾತಿಯೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಒಳಗೆ ಹೋಗಿ ಕಲ್ಲು ತಂದು ಅವರ ಅಂಗೈಯಲ್ಲಿಟ್ಟೆ.

"ನಾವು ಬೌದ್ಧರ್ರಿ. ಮೊದಲಿಂದ ಯಾರು ಅಂತ ಕೇಳೂದಿದ್ರ ಇದನ್ನ ಕೇಳ್ರಿ. ಒಳಗ ಬರ್ರಿ, ಚಹಾ ಇಡ್ತೇನಿ, ಇದರ ಕತಿ ಹೇಳ್ತೇನಿ."

ಅವರು ಕಲ್ಲನ್ನು ತಿರುಗಿಸಿ ನೋಡಿ, ಒಲೆಯ ಮೇಲೆ ಹಾಲಿದೆಯೆಂದು ವಾಪಸು ಕೊಟ್ಟು ಹೋದರು. ನಾನು ಅದನ್ನು ಒಳಗೆ ಒಯ್ಯಲಿಲ್ಲ. ಗೇಟಿನ ಕಂಬದ ಮೇಲೆ, ಬೀದಿಗೆ ಮುಖಮಾಡಿ ಇಟ್ಟೆ. ಆಯಿ ಇದನ್ನು ನೋಡಬೇಕಿತ್ತು. ಕಲ್ಲು ಅಲ್ಲೇ ಇರುತ್ತದೆ. ಕೇಳುವವರು ಬಂದು ಕೇಳಲಿ.